ಬೆಂಕಿಯನ್ನಷ್ಟೇ ಬೈಯಬೇಡಿ

ಐರ್ಲೆಂಡಿನಲ್ಲಿ ತಮ್ಮ ಮನೆತನದ ಬೇರು ಹುಡುಕುವವರು 1922ರ ಡಬ್ಲಿನ್ ಬೆಂಕಿಯನ್ನು ಬೈಯುತ್ತಾರೆ. ಸರಿ, 1821ರಿಂದ 1851ರವರೆಗಿನ ಜನಗಣತಿಯ ಬಹುಪಾಲು ಅದರಲ್ಲೇ ಸುಟ್ಟುಹೋಯ್ತು. ಆದ್ರೆ ನನಗೆ ಸಿಟ್ಟು ಬರೋದು ಬೆಂಕಿಯ ಮೇಲಲ್ಲ. 1861, 1871ರ ಹಾಳೆಗಳನ್ನು ನಾಶ ಮಾಡಿದ್ದು ಸರ್ಕಾರವೇ. 1881, 1891ರವು ಮೊದಲ ಮಹಾಯುದ್ಧದ ಹೊತ್ತಲ್ಲಿ ರದ್ದಿಯಾದವು. ಒಟ್ಟು ಲೆಕ್ಕ ಉಳಿಯಿತು, ಮನುಷ್ಯರು ಹೋದರು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ರಿಪೋರ್ಟ್ ಬಂತಲ್ಲ, ಡೇಟಾ ಡಿಲೀಟ್ ಮಾಡು!

ಉಳಿದಿರೋ 1911ರ ಹಾಳೆ ನೋಡಿ. ಮನೆಯ ಮುಂಭಾಗದಲ್ಲಿ ಎಷ್ಟು ಕಿಟಕಿ ಅಂತ ಬರೆದಿದ್ದಾರೆ. ಮದುವೆಯಾದ ಹೆಂಗಸರಿಗೆ ಹೆತ್ತ ಮಕ್ಕಳೆಷ್ಟು, ಬದುಕಿರೋರೆಷ್ಟು ಅಂತ ಕೇಳಿದ್ದಾರೆ. ಒಂದರಿಂದ ಇನ್ನೊಂದು ಕಳೀರಿ. ಸಿಗೋದು ಆ ತಾಯಿ ಮಣ್ಣು ಮಾಡಿದ ಮಕ್ಕಳ ಲೆಕ್ಕ. ಯಾವ ರಿಪೋರ್ಟಿನಲ್ಲೂ ಅವಳು ಸಿಗಲ್ಲ. ಹಳೇ ದಾಖಲೆ ಯಾಕೆ ಬೇಕು ಅನ್ನೋರಿಗೆ ಇದನ್ನು ತೋರಿಸಿ.