ಬಿಳಿಸೆರಗು ಮರುಕಳಿಸುತ್ತಿದೆಯೇ? ಪತಿಗೂ ಚಿಕಿತ್ಸೆ ಬೇಕಾಗಬಹುದು

ವೈದ್ಯರು ಕೊಟ್ಟ ಮಾತ್ರೆಗಳನ್ನು ಪೂರ್ತಿ ಮುಗಿಸಿದಿರಿ. ಸ್ರಾವ, ವಾಸನೆ ಎರಡೂ ಹೋದವು. ಎರಡು ತಿಂಗಳಲ್ಲಿ ಮತ್ತೆ ಅದೇ ಮೀನಿನಂಥ ವಾಸನೆ, ತೆಳುವಾದ ಬೂದುಬಿಳಿ ಸ್ರಾವ. ‘ನನ್ನ ಶುಚಿತ್ವದಲ್ಲೇ ಏನೋ ಕೊರತೆ’ ಎಂದು ಕೊರಗುತ್ತಿದ್ದರೆ, ಆ ಯೋಚನೆ ಬಿಡಿ.

ಇದು ಬ್ಯಾಕ್ಟೀರಿಯಲ್ ವ್ಯಾಜೈನೋಸಿಸ್, ಅಂದರೆ ಬಿವಿ ಇರಬಹುದು. ಯೋನಿಯಲ್ಲಿರುವ ಲ್ಯಾಕ್ಟೋಬ್ಯಾಸಿಲಸ್ ಎಂಬ ಉಪಕಾರಿ ಬ್ಯಾಕ್ಟೀರಿಯಾ ಅಲ್ಲಿನ ಆಮ್ಲೀಯತೆಯನ್ನು ಕಾಪಾಡುತ್ತವೆ. ಅವು ಕಡಿಮೆಯಾದಾಗ ಗಾರ್ಡ್ನರೆಲ್ಲಾ ಮತ್ತಿತರ ಬ್ಯಾಕ್ಟೀರಿಯಾ ಒಳಗೋಡೆಗೆ ಅಂಟಿಕೊಂಡು ಲೋಳೆಯ ಪದರ ಕಟ್ಟುತ್ತವೆ. ಇದೇ ಬಯೋಫಿಲ್ಮ್. ತೊಟ್ಟಿಯ ನೀರು ಚೆಲ್ಲಿದರೂ ಗೋಡೆಯ ಪಾಚಿ ಉಳಿಯುವಂತೆ, ಔಷಧದ ನಂತರವೂ ಈ ಪದರ ಸ್ವಲ್ಪ ಉಳಿದು ಮತ್ತೆ ಬೆಳೆಯಬಹುದು.

ಮರುಕಳಿಸಲು ಇನ್ನೊಂದು ದಾರಿಯೂ ಇದೆ. ಇದೇ ಬ್ಯಾಕ್ಟೀರಿಯಾ ಪುರುಷರ ಜನನಾಂಗದ ಚರ್ಮದಲ್ಲೂ ಮೂತ್ರನಾಳದಲ್ಲೂ ಇರಬಲ್ಲವು. ಅವರಿಗೆ ಸಾಮಾನ್ಯವಾಗಿ ಯಾವ ಲಕ್ಷಣವೂ ಕಾಣುವುದಿಲ್ಲ. ಆಸ್ಟ್ರೇಲಿಯಾದ ಸಂಶೋಧಕರು 164 ಜೋಡಿಗಳ ಮೇಲೆ ನಡೆಸಿದ ಅಧ್ಯಯನ 2025ರ ಮಾರ್ಚ್‌ನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಯಿತು. ಮಹಿಳೆಗೆ ಮಾತ್ರ ಚಿಕಿತ್ಸೆ ಕೊಟ್ಟ ಗುಂಪಿನಲ್ಲಿ 12 ವಾರಗಳೊಳಗೆ ಶೇ 63ರಷ್ಟು ಮಂದಿಗೆ ಬಿವಿ ಮರಳಿತು. ಸಂಗಾತಿಗೂ ಒಂದು ವಾರ ಮಾತ್ರೆ ಮತ್ತು ಹಚ್ಚುವ ಕ್ರೀಮ್ ಕೊಟ್ಟಾಗ ಇದು ಶೇ 35ಕ್ಕೆ ಇಳಿಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅಮೆರಿಕದ ಸ್ತ್ರೀರೋಗ ತಜ್ಞರ ಸಂಘವೂ ಬಿವಿ ಮರುಕಳಿಸುವವರ ಪುರುಷ ಸಂಗಾತಿಗೆ ಜೊತೆಯಲ್ಲೇ ಚಿಕಿತ್ಸೆ ಕೊಡುವುದನ್ನು ಬೆಂಬಲಿಸಿತು.

ಹಾಗೆಂದು ಹಳೆಯ ಚೀಟಿ ತೋರಿಸಿ ಇಬ್ಬರಿಗೂ ಮಾತ್ರೆ ಕೊಳ್ಳಬೇಡಿ. ತುರಿಕೆಯೊಂದಿಗೆ ಮೊಸರಿನ ಗಡ್ಡೆಯಂಥ ಸ್ರಾವವಿದ್ದರೆ ಅದು ಫಂಗಸ್ ಸೋಂಕಿರಬಹುದು. ಅದರ ಔಷಧವೇ ಬೇರೆ. ಸ್ರಾವದ ಪರೀಕ್ಷೆ ಮಾಡಿಸಿ, ‘ಇದು ಎಷ್ಟನೇ ಸಲ’ ಎಂಬುದನ್ನು ವೈದ್ಯರಿಗೆ ಹೇಳಿ, ಪತಿಗೂ ಚಿಕಿತ್ಸೆ ಬೇಕೇ ಎಂದು ಕೇಳಿ. ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳಲ್ಲಿ ತಪಾಸಣೆ, ಔಷಧ ಉಚಿತ. ಯೋನಿಯ ಒಳಭಾಗವನ್ನು ಸೋಪು, ಡೆಟಾಲ್‌ಗಳಿಂದ ತೊಳೆಯಬೇಡಿ. ಉಪಕಾರಿ ಬ್ಯಾಕ್ಟೀರಿಯಾ ಮತ್ತಷ್ಟು ಕಡಿಮೆಯಾಗುತ್ತವೆ. ಬಿವಿ ಇರುವ ಗರ್ಭಿಣಿಯರಲ್ಲಿ ಅವಧಿಪೂರ್ವ ಹೆರಿಗೆಯ ಅಪಾಯ ಹೆಚ್ಚು. ಆದ್ದರಿಂದ ಬಸುರಿಯಾಗಿದ್ದರೆ ತಡಮಾಡದೆ ತಿಳಿಸಿ. ಕಿಬ್ಬೊಟ್ಟೆ ನೋವು, ಜ್ವರವಿದ್ದರೂ ಕೂಡಲೇ ಆಸ್ಪತ್ರೆಗೆ ಹೋಗಿ.

ಇದನ್ನು ಓದುತ್ತಿರುವ ಪತಿಯರಿಗೊಂದು ಮಾತು: ಬಿವಿ ಬಂದಿತೆಂದರೆ ಯಾರೋ ದಾರಿ ತಪ್ಪಿದ್ದಾರೆ ಎಂದಲ್ಲ. ಸಂಶಯ ಬೇಡ. ವೈದ್ಯರು ಸೂಚಿಸಿದರೆ ನಿಮ್ಮ ಪಾಲಿನ ಔಷಧವನ್ನು ಪೂರ್ತಿ ಮುಗಿಸಿ. ಇಬ್ಬರ ಚಿಕಿತ್ಸೆಯೂ ಮುಗಿಯುವವರೆಗೆ ಲೈಂಗಿಕ ಸಂಪರ್ಕ ಬೇಡ.