ಅಂಗನವಾಡಿಗೊಬ್ಬ ಗುಮಾಸ್ತ

ಎಂಟು ಕಿಲೋಗ್ರಾಂ ತೂಗುವ ಮಗುವನ್ನು ಕಂಡು ಸಂತೋಷಪಡಬೇಕೆ, ಚಿಂತಿಸಬೇಕೆ? ವರ್ಷ ತುಂಬಿದ ಕೂಸಾದರೆ ಚಿಂತೆಗೆ ಕಾರಣವಿಲ್ಲ. ಎರಡು ವರ್ಷ ತುಂಬಿದ್ದರೆ ಆ ತೂಕ ತೀರ ಕಡಿಮೆಯೆಂದೇ ಅರ್ಥ. ಇದನ್ನು ತಿಳಿಯಲು ವಯಸ್ಸನ್ನು ತಿಂಗಳುಗಳಲ್ಲಿ ಎಣಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಗೆರೆಪಟದಲ್ಲಿ, ಹುಡುಗನಿಗೆ ಬೇರೆ ಹುಡುಗಿಗೆ ಬೇರೆಯಾಗಿ, ತಾಳೆ ನೋಡಬೇಕು. ನಗರದಲ್ಲಿ ಮಕ್ಕಳ ವೈದ್ಯರು ಮಾಡುವ ಈ ಲೆಕ್ಕ ಹಳ್ಳಿಗಳಲ್ಲಿ ಅಂಗನವಾಡಿ ಕಾರ್ಯಕರ್ತೆಯ ಪಾಲಿನದು. ಆಟ, ಪಾಠ, ಊಟ, ಮನೆಭೇಟಿಗಳ ನಡುವೆ ಹನ್ನೊಂದು ದಾಖಲೆ ಪುಸ್ತಕಗಳನ್ನೂ ಆಕೆಯೇ ತುಂಬಬೇಕಾಗಿದ್ದಿತು.

ಮೈಸೂರು ಜಿಲ್ಲೆಗೆ ಈ ಸೇವೆ ಹೊಸದಲ್ಲ. ೧೯೭೫ರ ಅಕ್ಟೋಬರ್ ೨ರಂದು ದೇಶದ ೩೩ ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ, ಕರ್ನಾಟಕದಲ್ಲಿ ಅದಕ್ಕೆ ಮೊದಲ ನೆಲೆಯಾದುದು ತಿ. ನರಸೀಪುರ. ಅಲ್ಲಿಂದ ಹುಣಸೂರಿನ ಕಾಡಂಚಿನವರೆಗೂ ಹಬ್ಬಿದ ಈ ಕೆಲಸಕ್ಕೆ ೨೦೨೧ರಲ್ಲಿ ಒಬ್ಬ ಗುಮಾಸ್ತ ದೊರೆತ. ಆತ ಮನುಷ್ಯನಲ್ಲ, ಫೋನಿನೊಳಗಿನ ‘ಪೋಷಣ್ ಟ್ರ್ಯಾಕರ್’ ಎಂಬ ತಂತ್ರಾಂಶ. ಹುಟ್ಟಿದ ದಿನ, ತೂಕ, ಎತ್ತರ ಇಷ್ಟನ್ನು ತಿಳಿಸಿದರೆ, ಮಗು ಸೊರಗಿದೆಯೆ, ಕುಳ್ಳಾಗಿದೆಯೆ ಎಂಬುದನ್ನು ಆ ಕ್ಷಣವೇ ಹೇಳುತ್ತದೆ. ಗೆರೆ ತಪ್ಪಿ ಓದುವ ಭಯವಿಲ್ಲ.

ಇನ್ನೊಂದು ಅನುಕೂಲ ಈ ಸೀಮೆಗೆ ವಿಶೇಷವಾಗಿ ಒಪ್ಪುವಂಥದು. ಕಾಫಿ ಕೊಯ್ಲಿನ ಕಾಲ ಬಂದಿತೆಂದರೆ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಗಳ ಹಾಡಿಗಳಿಂದ ಜೇನುಕುರುಬರ ಸಂಸಾರಗಳು ಕೊಡಗಿನ ತೋಟಗಳಿಗೆ ಕೂಲಿಗೆ ಹೋಗುವುದುಂಟು. ಹಿಂದೆ ಮಗು ಕೊಡಗಿನಲ್ಲಿ, ಹೆಸರು ಹುಣಸೂರಿನ ಪುಸ್ತಕದಲ್ಲಿ! ಈಗ ಹೆಸರನ್ನು ಒಂದು ಅಂಗನವಾಡಿಯಿಂದ ಇನ್ನೊಂದಕ್ಕೆ ವರ್ಗಾಯಿಸಲು ಅವಕಾಶವಿದೆ. ಆದರೆ ಸಂಸಾರ ಹೊರಟಿತೆಂಬುದನ್ನು ತಂತ್ರಾಂಶ ತಾನಾಗಿ ಅರಿಯದು. ಗುಡಿಸಲಿನ ಬಾಗಿಲು ಮುಚ್ಚಿರುವುದನ್ನು ಯಾರಾದರೂ ಕಂಡು ತಿಳಿಸಬೇಕು.

ತೊಡಕು ಬಂದಿರುವುದು ಬೇರೆ ಕಡೆಯಿಂದ. ೨೦೨೫ರ ಜುಲೈ ೧ರಿಂದ, ಮನೆಗೆ ಒಯ್ಯುವ ಪೌಷ್ಟಿಕ ಆಹಾರವನ್ನು ಪಡೆಯಲು ಮುಖವನ್ನು ಫೋನಿಗೆ ತೋರಿಸಿ ಗುರುತು ಖಚಿತಪಡಿಸಬೇಕೆಂದು ಕೇಂದ್ರ ಸರ್ಕಾರ ವಿಧಿಸಿತು. ಕಳ್ಳಲೆಕ್ಕವನ್ನು ತಡೆಯಬೇಕೆಂಬುದು ನ್ಯಾಯವೇ. ಆದರೆ ಸಿಗ್ನಲ್ ಸಿಗದ ಹಾಡಿಯಲ್ಲಿ ಮುಖ ತೋರಿಸುವುದು ಯಾರಿಗೆ? ತಾಯಿ ಕೂಲಿಗೆ ಹೋಗಿ ಅಜ್ಜಿ ಪಾತ್ರೆ ಹಿಡಿದು ಬಂದರೆ, ಆಕೆ ಆ ಮಗುವಿನ ಅಜ್ಜಿಯೆಂಬುದು ಊರಿಗೇ ಗೊತ್ತು, ಫೋನಿಗೆ ಗೊತ್ತಿಲ್ಲ. ಗುಮಾಸ್ತನಾಗಿ ಬಂದವನು ಅಮಲ್ದಾರನ ಗತ್ತಿನಲ್ಲಿ ಕುಳಿತನೆಂದರೆ ತಪ್ಪಾಗಲಾರದು. ಮೊದಲು ಆಹಾರ ಕೊಟ್ಟು, ಕಾರ್ಯಕರ್ತೆಯ ಮಾತನ್ನೇ ಸಾಕ್ಷಿಯೆಂದು ಬರೆದುಕೊಂಡು, ಸಿಗ್ನಲ್ ಸಿಕ್ಕಾಗ ಲೆಕ್ಕ ಕಳುಹಿಸುವಂತೆ ಮಾಡುವುದು ತಂತ್ರಾಂಶ ಬರೆಯುವವರಿಗೆ ಅಸಾಧ್ಯವಾದ ವಿದ್ಯೆಯೇನಲ್ಲ.

ತೀರ ಸೊರಗಿದ ಮಗುವೆಂದು ಫೋನು ಹೇಳಿದ ಮೇಲೆ ಉಳಿಯುವ ಕೆಲಸವಂತೂ ಹಳೆಯದೇ. ಇಂಥ ಮಕ್ಕಳಲ್ಲಿ ಕೆಲವರನ್ನು ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಬೇಕಾಗುತ್ತದೆ. ತಾಯಿಯೂ ಸುಮಾರು ಎರಡು ವಾರ ಜೊತೆಗಿರಬೇಕು. ಮನೆಯಲ್ಲಿ ಇನ್ನಿಬ್ಬರು ಮಕ್ಕಳು, ದಿನದ ಕೂಲಿ, ಕುಡಿಯುವ ಗಂಡ. ತಾಯಿ ಸುಮ್ಮನೆ ನೆಲ ನೋಡುತ್ತ ನಿಲ್ಲುತ್ತಾಳೆ. ಕಾರ್ಯಕರ್ತೆ ಫೋನನ್ನು ಚೀಲದೊಳಗಿಟ್ಟು ಜಗಲಿಯ ಮೇಲೆ ಕೂರುತ್ತಾಳೆ. “ದೊಡ್ಡವರಿಬ್ಬರ ಊಟ ನಾನು ನೋಡ್ಕೋತೀನಿ ಕಣವ್ವ, ನೀನು ಕೂಸ ಎತ್ಕೊ,” ಎನ್ನುತ್ತಾಳೆ.