ಬೇರಿನ ಲೋಳೆ, ಬಿದಿರಿನ ಚಾಪೆ

ನಮ್ಮ ಹಸ್ತಪ್ರತಿ ಸಂರಕ್ಷಣಾಲಯಗಳಲ್ಲಿ ಹರಿದ ಹಾಳೆಗೆ, ಅಂಚು ಮುರಿದ ಓಲೆಗರಿಗೆ ಆಸರೆಯಾಗಿ ಅಂಟಿಸುವುದು ಜಪಾನಿನ ತೆಳುಕಾಗದವನ್ನು. ಅಂಟಿಸಿದ ಮೇಲೂ ಅಡಿಯ ಅಕ್ಷರ ಓದಲು ಬರುತ್ತದೆ. 1966ರಲ್ಲಿ ಆರ್ನೊ ನದಿಯ ನೆರೆ ಫ್ಲಾರೆನ್ಸಿನ ಗ್ರಂಥಾಲಯಕ್ಕೆ ನುಗ್ಗಿದಾಗ ಕೆಟ್ಟುಹೋದ ಪುಸ್ತಕಗಳ ದುರಸ್ತಿಗೂ ಇದೇ ಒದಗಿತು. ವಾಶಿ ಎಂಬ ಈ ಕೈಕಾಗದದ ಬಾಳಿಕೆ ದೊಡ್ಡದು. ಕ್ರಿ.ಶ. 702ರಲ್ಲಿ ಜನರ ಲೆಕ್ಕ ಬರೆದಿಟ್ಟ ಹಾಳೆಗಳು ನಾರಾದ ಶೋಸೋಯಿನ್ ಭಂಡಾರದಲ್ಲಿ ಇಂದಿಗೂ ಇವೆ.

ಇದರ ಮುಖ್ಯ ಮೂಲ ಕೋಜೊ. ನಮ್ಮ ರೇಷ್ಮೆಸೀಮೆಯ ಹಿಪ್ಪುನೇರಳೆಗೆ ಹತ್ತಿರದ ನಂಟಿನ ಗಿಡ. ಚಳಿಗಾಲದಲ್ಲಿ ಕೊಂಬೆ ಕಡಿದು, ಹಬೆಯಲ್ಲಿ ಬೇಯಿಸಿ, ತೊಗಟೆ ಸುಲಿಯುತ್ತಾರೆ. ಕಪ್ಪು ಸಿಪ್ಪೆ ಹೆರೆದು, ಒಳಗಿನ ಬಿಳಿ ನಾರನ್ನು ಕ್ಷಾರದ ನೀರಿನಲ್ಲಿ ಕುದಿಸಿ ತೊಳೆಯುತ್ತಾರೆ. ಆಮೇಲೆ ತಣ್ಣೀರಿಗೆ ಕೈಯಿಟ್ಟು ಕುಳಿತು, ನಾರಿನಲ್ಲಿ ಉಳಿದ ಒಂದೊಂದು ಕಸವನ್ನೂ ಹೆಕ್ಕಬೇಕು. ನಾರನ್ನು ಕತ್ತರಿಸದೆ ಕುಟ್ಟಿ ಬಿಡಿಸುವುದರಿಂದ ಎಳೆ ಉದ್ದವಾಗಿಯೇ ಉಳಿಯುತ್ತದೆ. ಅಷ್ಟು ತೆಳುವಾದ ಕಾಗದಕ್ಕೆ ಅಷ್ಟು ಕಸುವು ಬರುವುದು ಹೀಗೆ.

ಇಷ್ಟಾದರೂ ಬರೀ ನಾರು, ನೀರಿನಿಂದ ಈ ಹಾಳೆ ಏಳುವುದಿಲ್ಲ. ತೊಟ್ಟಿಗೆ ತೊರೊರೊ-ಆಓಯಿ ಎಂಬ ಗಿಡದ ಬೇರು ಜಜ್ಜಿ ತೆಗೆದ ಲೋಳೆ ಬೀಳಬೇಕು. ಇದು ಬೆಂಡೆಯ ಬಳಗದ್ದು. ಬೆಂಡೆಕಾಯಿ ಹೆಚ್ಚಿದ ಯಾರಿಗೂ ಆ ಲೋಳೆಯನ್ನು ಬಣ್ಣಿಸಬೇಕಾಗಿಲ್ಲ. ಅದರಿಂದ ನಾರು ತಳ ಸೇರದೆ ತೇಲಿಕೊಂಡಿರುತ್ತದೆ, ಹಾಳೆ ಎತ್ತುವ ಬಿದಿರುಕಡ್ಡಿಯ ಚಾಪೆಯಿಂದ ನೀರು ತಡೆದು ತಡೆದು ಇಳಿಯುತ್ತದೆ. ಆ ಸ್ವಲ್ಪ ಹೊತ್ತಿನಲ್ಲೇ ಚಾಪೆಯನ್ನು ಹಿಂದೆ ಮುಂದೆ ತೂಗಿ ಪದರದ ಮೇಲೆ ಪದರ ಕೂರಿಸುತ್ತಾರೆ. ಹಸಿ ಹಾಳೆಯ ಮೇಲೆ ಹಸಿ ಹಾಳೆ ಪೇರಿಸಿದರೂ ಆಮೇಲೆ ಬೇರೆಬೇರೆಯಾಗಿ ಬಿಡಿಸಬಹುದು. ಸೆಕೆಗೆ ಲೋಳೆ ಬಲ ಕಳೆದುಕೊಳ್ಳುವುದರಿಂದ ಒಳ್ಳೆಯ ಕಾಗದಕ್ಕೆ ಚಳಿಗಾಲವೇ ಸುಗ್ಗಿ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜಪಾನಿನ 60 ಸಾವಿರಕ್ಕೂ ಹೆಚ್ಚು ಮನೆಗಳು ಈ ಕಸುಬಿನಲ್ಲಿದ್ದವು. ಈಗ ಕೆಲವು ನೂರು. ಉಳಿದವರಿಗೆ ಮನ್ನಣೆಯೇನೋ ಸಿಕ್ಕಿದೆ. ಎಚಿಜೆನ್‌ನ ಇವಾನೊ ಇಚಿಬೆಯಿ ಅವರನ್ನು ಸರ್ಕಾರ 2000ದಲ್ಲಿ 'ಜೀವಂತ ರಾಷ್ಟ್ರೀಯ ನಿಧಿ' ಎಂದು ಗೌರವಿಸಿತು. ಅವರ ತಂದೆಗೂ ಆ ಗೌರವ ಸಂದಿತ್ತು. 2014ರಲ್ಲಿ ಮೂರು ಪ್ರದೇಶಗಳ ಕಾಗದ ಯುನೆಸ್ಕೊ ಪಟ್ಟಿ ಸೇರಿತು. ಆದರೆ ನನಗೆ ಇದೆಲ್ಲಕ್ಕಿಂತ ದೊಡ್ಡದಾಗಿ ಕಾಣುವುದು 1975ರಲ್ಲಿ ಜಪಾನಿನ ಸಾಂಸ್ಕೃತಿಕ ಸಂಪತ್ತಿನ ಸಂರಕ್ಷಣಾ ಕಾನೂನಿಗೆ ಬಂದ ತಿದ್ದುಪಡಿ. ಕಲೆಗೆ ಬೇಕಾದ ಸಲಕರಣೆ ಮಾಡುವ, ಸಾಮಗ್ರಿ ಹದಗೊಳಿಸುವ ವಿದ್ಯೆಗಳನ್ನೂ ಕಾಪಾಡಬೇಕು ಎಂದು ಅದು ಹೇಳಿತು. ಕಾಗದದ ಬಿದಿರುಚಾಪೆ ಹೆಣೆಯುವವರಿಗೂ ಹೀಗೆ ಮಾನ್ಯತೆ ಬಂತು. ಕಾಗದದ ಮೇಲೆ ಎಲ್ಲೂ ಹೆಸರಿಲ್ಲದ ಜನರನ್ನು ಒಂದು ದೇಶದ ಕಾನೂನು ಗುರುತಿಸಿತು ಎಂಬುದು ಸಣ್ಣ ಮಾತಲ್ಲ.

ಆದರೂ ಆತಂಕ ತಪ್ಪಿಲ್ಲ. ಆ ಲೋಳೆಯ ಬೇರಿನ ಬಹುಪಾಲು ಬರುತ್ತಿದ್ದದ್ದು ಇಬಾರಕಿ ಪ್ರಾಂತ್ಯದ ಓಮಿತಮಾದ ಬೆರಳೆಣಿಕೆಯ ರೈತರಿಂದ. ಬೇರು ದಪ್ಪವಾಗಲೆಂದು ಮೊಗ್ಗುಗಳನ್ನು ಕೈಯಿಂದಲೇ ಚಿವುಟುತ್ತಾ ಬೆಳೆಯುವ ಬೆಳೆ ಅದು. ವಯಸ್ಸಾಯಿತು, ಇನ್ನು ಆಗದು ಎಂದು 2019ರ ಸುಮಾರಿಗೆ ಅವರು ತಿಳಿಸಿದಾಗ ದೇಶದ ಕಾಗದದೂರುಗಳೆಲ್ಲ ಕಳವಳಗೊಂಡವು.

ನಮ್ಮ ಓಲೆಗರಿಯ ಹಿಂದೆಯೂ ಇಂಥ ವಿದ್ಯೆಗಳಿದ್ದವು. ಗರಿ ಹದಮಾಡುವುದು, ಅಕ್ಷರ ಕೊರೆಯುವ ಕಂಟ ಮಾಡುವುದು, ಕೊರೆದ ಅಕ್ಷರಕ್ಕೆ ಮಸಿ ತುಂಬುವುದು. ಕವಿಗಳ ಬಗ್ಗೆ ಬೇಕಾದಷ್ಟು ಬರೆದಿದ್ದೇವೆ, ಇವರ ಬಗ್ಗೆ ಬರೆದದ್ದು ತೀರ ಕಡಿಮೆ. ಈ ಕೆಲಸ ಬಲ್ಲ ಹಿರಿಯರು ನಿಮ್ಮ ಮನೆಯಲ್ಲೋ ಊರಿನಲ್ಲೋ ಇದ್ದರೆ ದಯವಿಟ್ಟು ಅವರನ್ನು ಮಾತಾಡಿಸಿ, ಅವರು ಹೇಳಿದ್ದನ್ನು ಬರೆದು ಕಳಿಸಿ. ಮುಂದಿನ ಸಂಚಿಕೆಗಳಲ್ಲಿ ಅದಕ್ಕೆ ಪುಟಗಳನ್ನು ಮೀಸಲಿಡುತ್ತೇವೆ.